ಉಪ್ಪಿನಕಾಯಿ ರೋಲಿಂಗ್!

ಉಪ್ಪಿನಕಾಯಿ ಮಾರಲು ಒಳ್ಳೆಯ ಉಪ್ಪಿನಕಾಯಿ ಇದ್ದರೆ ಸಾಕು ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ನಂಬದೇ ಇದ್ದವಳು ಮಗಳು ಒಬ್ಬಳೇ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಊರಿನ ಪ್ರತಿಯೊಂದಕ್ಕೂ ಒಂದು ವಿಡಿಯೋ ಕಡಿಮೆ ಇದೆ ಅಂತ ಅವಳಿಗೆ ಅನಿಸತೊಡಗಿತ್ತು.

"ಈಗ ಜನ ಬಾಟ್ಲಿ ನೋಡಿ ತಗಳದಿಲ್ಲೆ ಅಮಾ, ಬಾಟ್ಲಿ ಹಿಂದಿನ ಕಥೆ ನೋಡಿ ತಗತ" ಎಂದಳು.

ಅತ್ತೆ ಕಪಾಟಿನ ಕಡೆ ತಿರುಗಿ ನೋಡಿದರು. "ಬಾಟ್ಲಿ ಹಿಂದೆ ಎಂತ ಇದ್ದು? ಗೋಡೆ ಇದ್ದು."

ಆ ಗೋಡೆಯ ಕಥೆ ಮುಂದೆ ಬರುತ್ತದೆ.

ನಮ್ಮದು ಶಿರಸಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮೇಲಿನ ಮನೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸು, ಮುರುಗಲ ಹಣ್ಣಿನ ಸಿರಪ್ಪು. ಅಪ್ಪೆಯ ಈ ಎಳೆ ಮಾವಿನ ಮಿಡಿ ಸಿಗುವುದು ಬೇಸಿಗೆಯ ಆರಂಭದಲ್ಲಿ ಮಾತ್ರ. ಹಾಗಾಗಿ ಶೂಟಿಂಗ್ ಮಾರ್ಚಿಗೆ ನಿಗದಿಯಾಯಿತು. ಮಗಳೇ ಒಂದು ತಂಡವನ್ನು ಹುಡುಕಿ, ಅಡ್ವಾನ್ಸ್ ಕೊಟ್ಟು, ನಮ್ಮನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದಳು. ಆ ಗುಂಪಿಗೆ ಒಂದು ಪಟ್ಟಿ ಬಂದು ಬಿತ್ತು. ನಾವು ಏನೇನು ತಯಾರಿ ಮಾಡಿಕೊಂಡಿರಬೇಕು ಎನ್ನುವ ಪಟ್ಟಿ. ನನ್ನ ಮದುವೆಗೂ ಇಷ್ಟು ಉದ್ದದ ಪಟ್ಟಿ ಯಾರೂ ಮಾಡಿರಲಿಲ್ಲ.

ಮೊದಲನೆಯದೇ ಬಟ್ಟೆ. ಬಿಳಿ ಬೇಡ. ಸಣ್ಣ ಗೆರೆ ಬೇಡ. ಸಣ್ಣ ಚೌಕಳಿ ಬೇಡ. ಹೊಳೆಯುವ ಬಟ್ಟೆ ಬೇಡ. ಸದ್ದು ಮಾಡುವ ಬಳೆ ಬೇಡ.

ಇವರ ಕಪಾಟು ತೆಗೆದು ನೋಡಿದೆ. ಬಿಳಿ ಪಂಚೆ, ಬಿಳಿ ಬನಿಯನ್ನು, ಬಿಳಿ ಅಂಗಿ. ಬಿಳಿ ಅಲ್ಲದ್ದೆಲ್ಲ ಗೆರೆ. ಗೆರೆ ಅಲ್ಲದ್ದು ಚೌಕಳಿ. ಕ್ಯಾಮರಾಕ್ಕೆ ಆಗದ್ದನ್ನೇ ಆರಿಸಿ ಆರಿಸಿ ಇಷ್ಟು ವರ್ಷ ಕೊಂಡಿದ್ದಾರೆ. ಚೌಕಳಿ ಕಂಡರೆ ಕ್ಯಾಮರಾಕ್ಕೆ ಯಾಕೆ ಅಷ್ಟು ಸಿಟ್ಟು ಎಂದು ಮಗಳನ್ನು ಕೇಳಿದೆ. ಕ್ಯಾಮರಾದ ಒಳಗೂ ಬೆಳಕು ಹಿಡಿಯುವ ಚುಕ್ಕಿಗಳು ಸಾಲಾಗಿ ಇರುತ್ತವಂತೆ. ಬಟ್ಟೆಯ ಸಣ್ಣ ಗೆರೆ ಆ ಸಾಲಿನ ಮೇಲೆ ಬಿದ್ದರೆ ಎರಡೂ ಸೇರಿ ಇಲ್ಲದ ಅಲೆಗಳನ್ನು ಎಬ್ಬಿಸುತ್ತವೆ. ಅಂಗಿ ಸುಮ್ನೆ ಇದ್ದರೂ ವಿಡಿಯೋದಲ್ಲಿ ಕುಣಿಯುತ್ತದೆ. ಬಿಳಿಯದು ಇನ್ನೊಂದು ತಕರಾರು. ಅಂಗಿಯ ಹೊಳಪಿಗೆ ಹೊಂದಿಸಿದರೆ ಮುಖ ಕಪ್ಪಾಗುತ್ತದೆ, ಮುಖಕ್ಕೆ ಹೊಂದಿಸಿದರೆ ಅಂಗಿ ಬರೀ ಬೆಳಕಾಗುತ್ತದೆ.

ಕೊನೆಗೆ ಪೇಟೆಗೆ ಹೋಗಿ ಇಟ್ಟಿಗೆ ಬಣ್ಣದ ಜುಬ್ಬಾ ತಂದೆವು. ಹಾಕಿಕೊಂಡು ಜಗಲಿಗೆ ಬಂದರೆ ನಮ್ಮ ನಾಯಿಯೇ ಬೊಗಳಿತು.

ಪಟ್ಟಿಯಲ್ಲಿ "ಸ್ಥಳ ಸ್ವಚ್ಛವಾಗಿರಲಿ" ಎಂಬ ಒಂದು ಸಾಲಿತ್ತು. ಅದು ಇವರ ಕಣ್ಣಿಗೆ ಬಿತ್ತು. ನಾವು ಉಪ್ಪು ನೀರು ಕುದಿಸುವುದು ಹಿತ್ತಲ ಕಡೆಯ ಹಳೇ ಒಲೆಯ ಮೇಲೆ. ಅದರ ಹಿಂದಿನ ಗೋಡೆ ಇವರ ಅಜ್ಜನ ಕಾಲದಿಂದ ಹೊಗೆ ತಿಂದು ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಕ್ಯಾಮರಾ ಮುಂದೆ ಅಂಥ ಗೋಡೆಯೇ? ಮರ್ಯಾದೆ ಪ್ರಶ್ನೆ. ಇವರು ಪೇಂಟಿನವನನ್ನು ಕರೆಸಿದರು. ಉಜ್ಜಿಸಿದರು, ಪುಟ್ಟಿ ಹಾಕಿಸಿದರು, ಹಾಲಿನ ಬಣ್ಣದ ಪೇಂಟು ಎರಡು ಕೋಟಿಂಗ್ ಹೊಡೆಸಿದರು. ಅದೇ ಉತ್ಸಾಹದಲ್ಲಿ ಹಳೇ ಕ್ಯಾಲೆಂಡರು, ಕಾಲು ಮುರಿದ ಮಣೆ, ಗೋಡೆಗೆ ಒರಗಿಸಿಟ್ಟ ಗೆರಸಿ, ಮಸಿ ಹಿಡಿದ ಹಂಡೆ ಎಲ್ಲ ಅಟ್ಟ ಸೇರಿದವು.

ಡೈರೆಕ್ಟರ್ ಹುಡುಗ ವ್ಯಾನಿನಿಂದ ಇಳಿದ. ನೆಟ್ಟಗೆ ಹಿತ್ತಲಿಗೆ ಹೋದ. ಅಲ್ಲೇ ನಿಂತುಬಿಟ್ಟ.

"ಸರ್, ಗೋಡೆ ಎಲ್ಲಿ?"

"ಇದೇ ಗೋಡೆ" ಎಂದರು ಇವರು, ಹೆಮ್ಮೆಯಿಂದ.

"ಕಪ್ಪು ಗೋಡೆ ಇತ್ತಲ್ಲ ಸರ್. ನಮ್ಮ ಹುಡುಗ ಮೊದಲು ಬಂದು ಫೋಟೋ ತಗೊಂಡು ಹೋಗಿದ್ನಲ್ಲ. ಅದನ್ನ ನೋಡೇ ಇಡೀ ಪ್ಲಾನ್ ಮಾಡಿದ್ದು."

ಆಮೇಲೆ ಅವನೇ ವಿವರಿಸಿದ. ಆವಿ ಕಾಣಬೇಕಾದರೆ ಹಿಂದೆ ಕತ್ತಲು ಬೇಕು, ಒಂದು ಪಕ್ಕದಿಂದ ಬೆಳಕು ಬೇಕು. ಬಿಳಿ ಗೋಡೆಯ ಮುಂದೆ ಎಷ್ಟು ಕುದಿಸಿದರೂ ಆವಿ ಕಾಣುವುದಿಲ್ಲ. ಕಿಟಕಿ ಬಲಗಡೆ, ಕಪ್ಪು ಗೋಡೆ ಹಿಂದೆ, ನಡುವೆ ಆವಿ, ಆವಿಯ ನಡುವೆ ಅಜ್ಜಿ. ಅದೇ ವಿಡಿಯೋದ ಮೊದಲ ದೃಶ್ಯ. ಪೇಂಟಿನ ಖರ್ಚು ನೆನಪಾಗಿ ಇವರ ಮುಖ ಒಮ್ಮೆ ಕಪ್ಪಾಯಿತು. ಆದರೆ ಅದರ ಮುಂದೆ ಆವಿ ತೋರಿಸುವ ಹಾಗಿರಲಿಲ್ಲ.

ಉಪಾಯ ಹೊಳೆದಿದ್ದು ಅತ್ತೆಗೆ. ಅಟ್ಟದಲ್ಲಿ ಮಳೆಗಾಲದ ಕರಿ ಕಂಬಳಿಗಳು ಇದ್ದವು. ಎರಡನ್ನು ಇಳಿಸಿ ಹೊಸ ಗೋಡೆಗೆ ನೇತು ಹಾಕಿದರು. ಕ್ಯಾಮರಾದಲ್ಲಿ ಥೇಟ್ ಹಳೇ ಗೋಡೆ! ಹಾಲಿನ ಬಣ್ಣ ಕಂಬಳಿಯ ಹಿಂದೆ ಮುಚ್ಚಿಹೋಯಿತು. ನುಸಿಗುಳಿಗೆಯ ವಾಸನೆ ಮಾತ್ರ ಶೂಟಿಂಗ್ ಮುಗಿಯುವ ತನಕ ಉಪ್ಪಿನಕಾಯಿ ವಾಸನೆಯನ್ನು ಮೀರಿಸಿತ್ತು. ಪುಣ್ಯಕ್ಕೆ ವಿಡಿಯೋಕ್ಕೆ ಮೂಗಿಲ್ಲ.

ಅಟ್ಟಕ್ಕೆ ಹಾಕಿದ್ದೆಲ್ಲ ಹೀಗೇ ಒಂದೊಂದಾಗಿ ಕೆಳಗೆ ಬಂತು. ಗೆರಸಿ ಬೇಕು, ಹಂಡೆ ಬೇಕು, ಕಾಲು ಮುರಿದ ಮಣೆಯೂ ಬೇಕು. ನಾವು ತೊಳೆದು ಸಾಲಾಗಿ ಜೋಡಿಸಿಟ್ಟಿದ್ದ ನೀಲಿ ಡ್ರಮ್ಮುಗಳು ಮಾತ್ರ ಯಾರಿಗೂ ಬೇಡವಾದವು. ನಿಜ ಹೇಳಬೇಕೆಂದರೆ ನಮ್ಮ ವ್ಯಾಪಾರ ನಿಂತಿರುವುದೇ ಆ ಡ್ರಮ್ಮುಗಳ ಮೇಲೆ. ವರ್ಷದ ಮಿಡಿಯೆಲ್ಲ ಉಪ್ಪಿನಲ್ಲಿ ಮುಳುಗಿ ಕೂರುವುದು ಅವುಗಳಲ್ಲೇ. ಆದರೆ ಡೈರೆಕ್ಟರಿಗೆ ಬೇಕಾಗಿದ್ದು ಪಿಂಗಾಣಿ ಭರಣಿ. ದೊಡ್ಡ ಭರಣಿ ಒಂದು ಇತ್ತು, ಬಚ್ಚಲ ಬಾಗಿಲಲ್ಲಿ, ಛತ್ರಿ ಇಡಲಿಕ್ಕೆ. ಅದನ್ನು ತೊಳೆದು ಒರೆಸಿ ನಟನೆಗೆ ಹಚ್ಚಿದೆವು.

ಕೆಲಸಕ್ಕೆ ಬರುವ ಹೆಂಗಸರಿಗೆ ನಾನು ಮೊದಲೇ ಹೇಳಿದ್ದೆ, ದಿನಾ ಬರುವ ಹಾಗೆಯೇ ಬನ್ನಿ ಅಂತ. ಬಂದರು. ಮಾರಿಕಾಂಬಾ ಜಾತ್ರೆಗೆ ಉಟ್ಟ ಸೀರೆ, ಮುಡಿ ತುಂಬ ಹೂವು, ಮುಖಕ್ಕೆ ಪೌಡರು. "ದಿನಾ ಹೀಗೇ ಬರ್ತೀರಾ?" ಎಂದು ಡೈರೆಕ್ಟರ್ ಕೇಳಿದ. "ಹೌದು" ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಮನೆಗೆ ಕಳಿಸಿ ಹಳೇ ಸೀರೆ ಉಡಿಸಿ ಕರೆತರುವಷ್ಟರಲ್ಲಿ ಬಿಸಿಲು ಏರಿತ್ತು.

ಕೈಗವಸಿನದು ಬೇರೆಯೇ ಜಗಳ. ಕೈಗವಸು, ತಲೆಗೆ ಟೋಪಿ ಇಲ್ಲದೆ ಮಿಡಿ ಮುಟ್ಟುವಂತಿಲ್ಲ ಎಂದು ಇವರು. ಲೇಬಲ್ಲಿನ ಮೇಲೆ ಆಹಾರ ಸುರಕ್ಷತೆಯ 14 ಅಂಕಿಯ ನಂಬರು ಇದೆಯಲ್ಲ, ಅದರ ಭಯ. ಕೈಗವಸು ಹಾಕಿದರೆ ಕೈರುಚಿ ಎಲ್ಲಿ ಕಾಣುತ್ತದೆ ಎಂದು ಡೈರೆಕ್ಟರ್. ಕೊನೆಗೆ ರಾಜಿಯಾಯಿತು. ಹತ್ತಿರದ ದೃಶ್ಯದಲ್ಲೂ ಕೈಗವಸು ಇರಲಿ, ಮುಖ ಕಾಣುವ ಕಡೆ ಮುಗುಳ್ನಗು ಇರಲಿ. ಟೋಪಿ, ಮಾಸ್ಕು, ಕೈಗವಸು ಹಾಕಿ ನಿಂತ ಅತ್ತೆ ಆಪರೇಷನ್ನಿಗೆ ಹೊರಟ ಡಾಕ್ಟರಮ್ಮನ ಹಾಗೆ ಕಂಡರು. ನಗುತ್ತಿದ್ದರೋ ಇಲ್ಲವೋ, ಮಾಸ್ಕಿನ ಒಳಗಿನದು ದೇವರಿಗೇ ಗೊತ್ತು.

ಹಿನ್ನೆಲೆಗೆ ಓದುವ ಮಾತನ್ನು ಬೆಂಗಳೂರಿನಲ್ಲೇ ಬರೆದು ತಂದಿದ್ದರು. ಮೊದಲ ಸಾಲು: "ಅಲೆಗಳ ಮೊರೆತದ ನಡುವೆ, ಶಿರಸಿಯ ಕಡಲ ತಡಿಯಲ್ಲಿ..." ಉತ್ತರ ಕನ್ನಡ ಎಂದರೆ ಪೂರ್ತಿ ಬೀಚು ಎಂದುಕೊಂಡಿದ್ದರು ಪಾಪ. ಸಮುದ್ರ ಬೇಕಾದರೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಬೇಕು, ಹತ್ತಿರ ಹತ್ತಿರ 60 ಕಿಲೋಮೀಟರು ಎಂದು ಇವರು ತಿಳಿಸಿದರು. "ಹಾಗಾದ್ರೆ ಅಲೆ ತೆಗೆದು ಜಲಪಾತ ಹಾಕ್ತೀವಿ" ಎಂದ ಡೈರೆಕ್ಟರ್. ಮಾರ್ಚಿನಲ್ಲಿ ನಮ್ಮ ಬಾವಿಯಲ್ಲೇ ಕೊಡಪಾನ ನೆಲಕ್ಕೆ ತಾಗುತ್ತಿತ್ತು. ಯಾರೂ ಏನೂ ಹೇಳಲಿಲ್ಲ.

ಈಗ ಸದ್ದಿನ ವಿಷಯಕ್ಕೆ ಬರುತ್ತೇನೆ. ಚಿತ್ರ ತೆಗೆಯುವುದು ಕಷ್ಟ ಎಂದು ನಾನು ತಿಳಿದಿದ್ದೆ. ಅಲ್ಲ, ಚಿತ್ರ ಸುಲಭ. ಬೇಡದ್ದನ್ನು ಕಂಬಳಿ ಹಾಕಿ ಮುಚ್ಚಬಹುದು. ಸದ್ದಿಗೆ ಕಂಬಳಿ ಎಲ್ಲಿದೆ?

ತಂಡದಲ್ಲಿ ಒಬ್ಬ ಸೌಂಡಿನ ಹುಡುಗ ಇದ್ದ. ತೆಳ್ಳಗೆ, ಮೌನಿ, ಕಿವಿಗೆ ದೊಡ್ಡ ಹೆಡ್‌ಫೋನು. ನಮಗೆ ಕೇಳದ್ದೆಲ್ಲ ಅವನಿಗೆ ಕೇಳುತ್ತಿತ್ತು. ಫ್ಯಾನು ಬಂದ್ ಮಾಡಿಸಿದ. ಗೋಡೆ ಗಡಿಯಾರ ಇಳಿಸಿ ಹಾಸಿಗೆ ಕೆಳಗೆ ಇಡಿಸಿದ. ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಡುತ್ತದೆ ಎಂದು ಅದನ್ನೂ ಆರಿಸಿದ. ಡೈರೆಕ್ಟರಿಗೂ ಖುಷಿಯಾಯಿತು. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು, ಲೈಟು ಕಣ್ಣಿಗೆ ಕಾಣದ ಹಾಗೆ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಕ್ಯಾಮರಾದ ವೇಗ ಅದಕ್ಕೆ ಹೊಂದದಿದ್ದರೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಓಡುತ್ತದೆ ಎಂದ. ಮಾರ್ಚಿನ ಮಧ್ಯಾಹ್ನ, ಫ್ಯಾನಿಲ್ಲ, ದಪ್ಪ ಜುಬ್ಬಾ. ಇವರ ಹಣೆಯಿಂದ ಇಳಿಯುತ್ತಿದ್ದ ಬೆವರನ್ನು ಮಗಳು ಪೌಡರ್ ಪಫ್ಪಿನಿಂದ ಒತ್ತುತ್ತಲೇ ಇದ್ದಳು.

ಮನೆಯ ಒಳಗೆ ಎಲ್ಲ ತಣ್ಣಗಾಯಿತು ಎನ್ನುವಾಗ ಹೊರಗೆ ಶುರು. ಪಕ್ಕದ ಮನೆ ಭಾವನ ಅಡಿಕೆ ಸುಲಿಯುವ ಮಷಿನ್ನು. ಮಗಳು ಓಡಿದಳು. ಭಾವ ನಿಲ್ಲಿಸಿದರು, ಜೊತೆಗೆ ಶೂಟಿಂಗ್ ನೋಡಲು ಅವರೇ ಬಂದು ಕೂತರು, ಮತ್ತು ಕೆಮ್ಮಿದರು. ಕೆಳಗಿನ ತೋಟದಲ್ಲಿ ಹುಲ್ಲು ಹೊಡೆಯುವ ಮಷಿನ್ನು. ಮಗಳು ಮತ್ತೆ ಓಡಿದಳು. ತಿರುವಿನಲ್ಲಿ ಬಸ್ಸಿನ ಹಾರ್ನು. ಮೀನಿನ ಗಾಡಿಯವನ ಪೋಂ ಪೋಂ. ಎಲ್ಲ ಮುಗಿದು "ರೋಲಿಂಗ್" ಅನ್ನುವಷ್ಟರಲ್ಲಿ ಕೊಟ್ಟಿಗೆಯಿಂದ ಅಂಬಾ. ಹಸುವಿಗೆ ಹಿಂಡಿ ಹಾಕಿ ಬಾಯಿ ಮುಚ್ಚಿಸಿದೆವು. ಆಗ ಜೀರುಂಡೆಗಳು ಎದ್ದವು. ಕಾಡಿಗೆ ಕಾಡೇ ಜೀರ್ ಎಂದು ಹಿಡಿದರೆ ಮಗಳು ಯಾರ ಮನೆಗೆ ಓಡಬೇಕು?

"ಇದು ಇರಲಿ" ಎಂದ ಸೌಂಡಿನ ಹುಡುಗ. "ಇದು ನ್ಯಾಚುರಲ್."

ಪ್ರತಿ ಜಾಗದಲ್ಲೂ ಮಾತು ಮುಗಿದ ಮೇಲೆ ಅವನದೊಂದು ಶಾಸ್ತ್ರ ಇತ್ತು. ಅರ್ಧ ನಿಮಿಷ ಯಾರೂ ಅಲುಗಾಡದೆ, ಉಸಿರೂ ಜೋರಾಗಿ ಬಿಡದೆ ನಿಲ್ಲಬೇಕು. ಆ ಕೋಣೆಯ ಬರೀ ಮೌನವನ್ನು ರೆಕಾರ್ಡ್ ಮಾಡಿಕೊಳ್ಳುತ್ತಾನೆ. ಅದಕ್ಕೆ ರೂಮ್ ಟೋನ್ ಎನ್ನುತ್ತಾರೆ. ಒಂದೊಂದು ಕೋಣೆಯ ಮೌನ ಒಂದೊಂದು ಥರ. ಆಮೇಲೆ ಎಡಿಟಿಂಗ್ ಮಾಡುವಾಗ ಮಾತು ಕತ್ತರಿಸಿದ ಜಾಗಕ್ಕೆ ಈ ಮೌನವನ್ನೇ ತೇಪೆ ಹಚ್ಚುತ್ತಾರೆ, ಇಲ್ಲದಿದ್ದರೆ ನಡುವೆ ಗುಂಡಿ ಬಿದ್ದದ್ದು ಕಿವಿಗೆ ಗೊತ್ತಾಗುತ್ತದೆ. ಹಾಗೆ ನಾವೆಲ್ಲ ಜಗಲಿಯಲ್ಲಿ ತಲೆ ತಗ್ಗಿಸಿ ಸಾಲಾಗಿ ನಿಂತಿದ್ದೆವು. ಅತ್ತೆ ಒಳಗಿನಿಂದ ಬಂದವರು ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತರು. ಸೆರಗು ಹೊದ್ದುಕೊಂಡು, ಕೈಮುಗಿದು, ದನಿ ತಗ್ಗಿಸಿ ಕೇಳಿದರು.

"ಯಾರೇ ಹೋಗಿದ್ದು?"

ಹುಡುಗ ಹೆಡ್‌ಫೋನ್ ತೆಗೆದ. ಮೌನ ಮೊದಲಿನಿಂದ.

ಫ್ರಿಜ್ಜಿನ ಗುರ್‌ಗುಟ್ಟುವಿಕೆಗೂ ಅವನ ಬಳಿ ಮದ್ದಿತ್ತು. ಸ್ವಿಚ್ ಆರಿಸಿ, ವ್ಯಾನಿನ ಕೀಲಿಯನ್ನು ಫ್ರಿಜ್ಜಿನ ಒಳಗೇ ಇಟ್ಟ. ಹೋಗುವಾಗ ಕೀಲಿಗೆ ಬಂದೇ ಬರಬೇಕು, ಆಗ ಸ್ವಿಚ್ ಹಾಕುವುದು ನೆನಪಾಗುತ್ತದೆ ಎಂಬ ಲೆಕ್ಕ. ಈ ಕಸುಬಿನವರೆಲ್ಲ ಮಾಡುವ ಉಪಾಯವಂತೆ. ಉಪಾಯ ಒಳ್ಳೆಯದೇ. ಆದರೆ ಮಜ್ಜಿಗೆ ತೆಗೆಯಲು ಹೋದ ಅತ್ತೆ, ಮೊಸರಿನ ಪಕ್ಕ ಕೀಲಿ ನೋಡಿ, ಯಾರದೋ ಕಳೆದುಹೋದದ್ದು ಎಂದು ತಂದು ದೇವರ ಮುಂದೆ ಇಟ್ಟರು. ರಾತ್ರಿ ಅರ್ಧ ಊರು ಕೀಲಿ ಹುಡುಕಿತು. ದೀಪ ಆರಿಸಲು ಹೋದ ನನಗೆ ಸಿಕ್ಕಿತು. ಕೀಲಿ ಸಿಕ್ಕ ಸಂತೋಷದಲ್ಲಿ ಫ್ರಿಜ್ಜು ಯಾರಿಗೂ ನೆನಪಾಗಲಿಲ್ಲ. ಬೆಳಿಗ್ಗೆ ಹಾಲು ಒಡೆದಿತ್ತು, ವಾರದ ಕೆನೆ ಹುಳಿ ಬಂದಿತ್ತು. ಮಾರಲಿಕ್ಕೆ ಇಟ್ಟ ಉಪ್ಪಿನಕಾಯಿಗೆ ಏನೂ ಆಗಿರಲಿಲ್ಲ. ಅದಕ್ಕೆ ಫ್ರಿಜ್ಜಿನ ಹಂಗಿಲ್ಲ ಎಂದು ಇವರು ಕ್ಯಾಮರಾ ಇಲ್ಲದಾಗ ಚೆನ್ನಾಗಿ ಹೇಳಿದರು.

ಕ್ಯಾಮರಾ ಇದ್ದಾಗಿನ ಕಥೆ ಬೇರೆ. ಇವರಿಗೆ ತಾಳಮದ್ದಲೆಯ ಹುಚ್ಚು, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಕೃಷ್ಣ, ವಿದುರ, ಕೆಲವೊಮ್ಮೆ ಬೇರೆ ಯಾರೂ ಸಿಗದಿದ್ದರೆ ಭೀಷ್ಮ. ಡೈರೆಕ್ಟರ್ ಕೊಟ್ಟ ಸೂಚನೆ ಇಷ್ಟೇ: ನನ್ನ ಪ್ರಶ್ನೆ ವಿಡಿಯೋದಲ್ಲಿ ಇರುವುದಿಲ್ಲ, ಆದ್ದರಿಂದ ಪ್ರಶ್ನೆಯನ್ನೂ ಸೇರಿಸಿ ಉತ್ತರ ಹೇಳಿ, ಹದಿನೈದು ಸೆಕೆಂಡಿನಲ್ಲಿ ಮುಗಿಸಿ, ಕ್ಯಾಮರಾ ನೋಡಬೇಡಿ, ನನ್ನನ್ನು ನೋಡಿ.

"ಅಪ್ಪೆಮಿಡಿ ಅಂದ್ರೆ ಏನು ಸರ್?"

ಇವರು ಗಂಟಲು ಸರಿಮಾಡಿಕೊಂಡರು. ಬೆನ್ನು ನೆಟ್ಟಗಾಯಿತು. "ಅಪ್ಪೆಮಿಡಿ ಎಂದರೇನು ಎಂದು ಕೇಳುವೆಯಲ್ಲ! ಕೇಳುವುದು ನಿನಗೆ ಸಹಜ, ಹೇಳುವುದು ನನಗೆ ಧರ್ಮ. ಅಘನಾಶಿನಿಯ ದಂಡೆಯಲ್ಲಿ ಹುಟ್ಟಿ, ಮಳೆ ಬಿಸಿಲುಗಳನ್ನು ಸಮನಾಗಿ ಉಂಡು, ಕಲ್ಲಾಗುವ ಮೊದಲೇ ಕೊಯ್ಯಿಸಿಕೊಂಡು..." ಜಗಲಿಯಲ್ಲಿ ಕೂತ ಭಾವ ತಮಗೆ ತಿಳಿಯದೆಯೇ ತೊಡೆ ಮೇಲೆ ತಾಳ ಹಾಕಲು ಶುರು ಮಾಡಿದರು. ಇವರು ಅನಂತಭಟ್ಟನ ಅಪ್ಪೆಗೆ ಬಂದರು, ಜೀರಿಗೆ ಮಿಡಿಗೆ ಬಂದರು, ಎರಡರಲ್ಲಿ ಹೆಚ್ಚು ಯಾವುದು ಎಂದು ತಾವೇ ಪೂರ್ವಪಕ್ಷ ಎತ್ತಿ ತಾವೇ ಖಂಡಿಸಿದರು. ಮೆಮೊರಿ ಕಾರ್ಡ್ ತುಂಬಿತು. ಕಾರ್ಡ್ ಬದಲಿಸುವ ತನಕ ತಡೆದು, ಬಿಟ್ಟ ಶಬ್ದದಿಂದಲೇ ಮುಂದುವರಿಸಿದರು. ಸೋನೆ, ತೊಟ್ಟು, ಮರದಿಂದ ಬೀಳಿಸದೆ ಇಳಿಸುವ ಬಗೆ, ಎಲ್ಲವೂ ಬಂತು. ಎಲ್ಲವೂ ಸರಿಯಾಗಿಯೇ ಇತ್ತು. ಹದಿನೈದು ಸೆಕೆಂಡು ಮಾತ್ರ ಎಲ್ಲೂ ಇರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಅಪ್ಪೆಹುಳಿ ಮಾಡಿದ್ದೆ. ಹಲಸಿನ ಹಪ್ಪಳ, ತಂಬುಳಿ, ಕೊನೆಗೆ ತುಪ್ಪದ ಜೊತೆ ತೊಡೆದೇವು. ಊರಿನವರಿಗೆ ಗೊತ್ತು, ಅಪ್ಪೆಹುಳಿ ಕುಡಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಬೆಂಗಳೂರಿನವರಿಗೆ ಗೊತ್ತಿಲ್ಲ. ಲೋಟದ ಮೇಲೆ ಲೋಟ ಕುಡಿದರು. ಸಂಜೆಯ ಹೊಂಬಿಸಿಲಿನಲ್ಲಿ ತೋಟದ ದೃಶ್ಯ ತೆಗೆಯಬೇಕಿತ್ತು. ಹೊಂಬಿಸಿಲು ಬಂತು, ಜಗಲಿಯ ಉದ್ದಕ್ಕೆ ಮಲಗಿದ್ದ ಕ್ಯಾಮರಾದವನ ಮುಖದ ಮೇಲೆ ಚೆಂದವಾಗಿ ಬಿತ್ತು, ಹೋಯಿತು.

ಮರುದಿನ ಡ್ರೋನು. ಇದೇ ತಂಡ ಹಿಂದೊಮ್ಮೆ ಕಾರವಾರಕ್ಕೆ ಹೋದಾಗ ಡ್ರೋನ್ ಚೀಲದಿಂದ ಹೊರಗೇ ಬಂದಿರಲಿಲ್ಲವಂತೆ. ಅಲ್ಲಿ ಕದಂಬ ನೌಕಾನೆಲೆ ಇದೆ, ಕಂಡ ಕಂಡಲ್ಲಿ ಹಾರಿಸುವಂತಿಲ್ಲ. ಆ ಆಸೆಯನ್ನೆಲ್ಲ ನಮ್ಮ ತೋಟದ ಮೇಲೆ ತೀರಿಸಿಕೊಂಡರು. ಮೇಲೆ ಹೋಯಿತು, ಎಡಕ್ಕೆ ಹೋಯಿತು, ಅಡಿಕೆ ಮರದ ಸೋಗೆಗೆ ಸಿಕ್ಕಿ ಅಲ್ಲೇ ಕೂತಿತು. ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡ ಬಂದ. ಮೇಲೆ ನೋಡಿದ. "ಇದು ಯಾವ ಜಾತಿ ಹಕ್ಕಿ?" ಎಂದ. ಈಗ ಅವನು ಮರ ಹತ್ತುವುದು ಕಡಿಮೆ, ಫೈಬರ್ ದೋಟಿ ಇದೆ. ಕೆಳಗೆ ಕಂಬಳಿ ಹಿಡಿದು ನಾವು ನಿಂತೆವು, ಗೋಡೆಗೆ ಹಾಕಿದ್ದೇ ಕಂಬಳಿ. ಒಂದು ಕೊನೆ ಹಸಿ ಅಡಿಕೆಯ ಸಮೇತ ಡ್ರೋನು ಇಳಿಯಿತು. ಕೊನೆಗೌಡ ಮರದ ಲೆಕ್ಕದಲ್ಲಿ ಕೂಲಿ ಕೇಳಲಿಲ್ಲ, ಡ್ರೋನಿನ ಬೆಲೆ ಕೇಳಿ ಅದರ ಲೆಕ್ಕದಲ್ಲಿ ಕೇಳಿದ.

ಕೊನೆಗೆ ಉಳಿದದ್ದು ಅತ್ತೆಯ ಸಂದರ್ಶನ. ಸೆರಗಿನ ಒಳಗೆ ಕಾಣದ ಹಾಗೆ ಪುಟ್ಟ ಮೈಕು ಸಿಕ್ಕಿಸಿದರು. ವೈರಿಲ್ಲದ ಮೈಕು. ಡೈರೆಕ್ಟರ್ ಎಷ್ಟು ಕೇಳಿದರೂ ಅತ್ತೆ ಹದ ಬಿಟ್ಟುಕೊಡಲಿಲ್ಲ. ಸಾಸಿವೆ ಎಷ್ಟು? "ಬೇಕಾದಷ್ಟು." ಮೆಣಸು? "ಅದೂ ಬೇಕಾದಷ್ಟು." ಉಪ್ಪು? "ಮಿಡಿ ಕೇಳಿದಷ್ಟು." ಹೀಗೆ ಮುಗಿಯಿತು.

ಮೈಕು ತೆಗೆಯುವ ಮೊದಲೇ ಅತ್ತೆ ಎದ್ದು ಹಿತ್ತಲಿಗೆ ಹೋದರು. ಬೇಲಿಯ ಆಚೆ ಪಕ್ಕದ ಮನೆ ಅತ್ತಿಗೆ ಇದ್ದರು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಅತ್ತೆ ಬೆರಳು ಮಡಚಿ ಮಡಚಿ ಲೆಕ್ಕ ಹೇಳುತ್ತಿದ್ದುದು ನನಗೆ ಕಿಟಕಿಯಿಂದ ಕಂಡಿತು. ಇತ್ತ ಜಗಲಿಯಲ್ಲಿ ಸೌಂಡಿನ ಹುಡುಗ ಹೆಡ್‌ಫೋನ್ ಹಾಕಿಕೊಂಡು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದ. ಅಂದು ಹೋಗುವಾಗ, ಎರಡು ದಿನ ಯಾರೊಡನೆಯೂ ಮಾತಾಡದವನು ನನ್ನ ಹತ್ತಿರ ಬಂದು "ಮೇಡಂ, ಒಂದಿನ್ನೂರು ಮಿಡಿ ಕೊಡ್ತೀರಾ, ಊರಲ್ಲಿ ಅಮ್ಮನಿಗೆ" ಎಂದ. ತಾಯಿ ಮೇಲೆ ಎಷ್ಟು ಪ್ರೀತಿ ಎಂದು ಮೇಲೆ ಇಪ್ಪತ್ತೈದು ಹಾಕಿ ಕಟ್ಟಿಕೊಟ್ಟೆ.

ವಿಡಿಯೋ ಬಂತು. ಒಂದೂವರೆ ನಿಮಿಷ. ಆವಿ ಚೆನ್ನಾಗಿ ಬಂದಿದೆ. ಕಂಬಳಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇವರ ಅರ್ಥಗಾರಿಕೆಯಲ್ಲಿ ಉಳಿದದ್ದು "ಹೇಳುವುದು ನನಗೆ ಧರ್ಮ" ಎಂಬಷ್ಟು ಮಾತ್ರ, ಏನನ್ನು ಹೇಳುವುದು ಎಂಬುದು ಇಲ್ಲ. ಹೆಂಗಸರೆಲ್ಲ ಹಳೇ ಸೀರೆ ಉಡಿಸಿದ್ದಕ್ಕೆ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ. ಛತ್ರಿಯ ಭರಣಿ ಎಷ್ಟು ಚಂದ ಕಂಡಿದೆ ಅಂದರೆ, ಆರ್ಡರ್ ಮಾಡುವವರಲ್ಲಿ ಕೆಲವರು ಉಪ್ಪಿನಕಾಯಿ ಬಿಟ್ಟು ಭರಣಿಯ ಬೆಲೆ ಕೇಳುತ್ತಾರೆ.

ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ ಫೋನ್ ಬಂತು. ಸೌಂಡಿನ ಹುಡುಗ. ಸುತ್ತಿ ಬಳಸಿ, ಕ್ಷೇಮಸಮಾಚಾರ ಎಲ್ಲ ಕೇಳಿ, ಕೊನೆಗೆ ವಿಷಯಕ್ಕೆ ಬಂದ. ಅಮ್ಮ ಉಪ್ಪಿನಕಾಯಿ ಹಾಕಿದ್ದಾರೆ. ಅಜ್ಜಿ ಅವತ್ತು ಹೇಳಿದ ಲೆಕ್ಕದಲ್ಲೇ ಹಾಕಿದ್ದಾರೆ. ಉಪ್ಪು ನೀರು ಕುದಿಸಿ, ಸಾಸಿವೆ ಮೆಣಸು ಕಲಸಿ, ಮಿಡಿಯ ಮೇಲೆ ಹೊಯ್ದಿದ್ದಾರೆ. ಆದರೂ ಮಿಡಿಯೆಲ್ಲ ಮೆತ್ತಗಾಗಿದೆ. ಯಾಕಿರಬಹುದು?

ನಾನು ಫೋನಿಗೆ ಕೈ ಅಡ್ಡ ಹಿಡಿದು ಅತ್ತೆಗೆ ಹೇಳಿದೆ. ಅತ್ತೆ ಕವಳದ ಎಲೆಗೆ ಸುಣ್ಣ ಸವರುತ್ತಿದ್ದರು. ತಲೆ ಎತ್ತಲಿಲ್ಲ.

"ಮೈಕು ಇದ್ದಿದ್ದು ಯಂಗೆ ಗೊತ್ತಿತ್ತಲೇ. ಆ ಮಾಣಿ ಬರ್ಕತ್ತಾ ಕೂತಿದ್ದು ಯಂಗೆ ಕಾಣ್ತಿಲ್ಯ?" ಎಂದರು. "ನೀರು ಕುದಿಸವ್ವು ಅಂತ ಹೇಳಿದ್ದಿ. ಪೂರ್ತಿ ಆರಿಸಿ ಹಾಕವ್ವು ಅಂತ ಹೇಳಿದ್ನಿಲ್ಲೆ."